ಹಡಪದ ಎಂಬ ಅಡ್ಡಹೆಸರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನ್ನ ಹೆಸರಿನ ಮುಂದಿರುವ ‘ಎಚ್’ ಯಾವ ಊರು ಎಂದು ಬೆಂಗಳೂರಿನಲ್ಲಿ ಜೊತೆಗೆ ಕೆಲಸ ಮಾಡುವವರು ಕೇಳುತ್ತಾರೆ. ನಮ್ಮ ಕಡೆ ಅದು ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಯಾವುದೂ ಆಗಬಹುದು. ನನ್ನದು ಊರಲ್ಲ, ಅಡ್ಡಹೆಸರು: ಹಡಪದ. ಆ ಹೆಸರಿನ ಬಗ್ಗೆಯೇ ಇವತ್ತು ನಾಲ್ಕು ಮಾತು ಹೇಳುತ್ತೇನೆ.

ಹಡಪ ಎಂದರೆ ಎಲೆ ಅಡಿಕೆಯ ಚೀಲ. ಹಳೆಯ ಕನ್ನಡದಲ್ಲಿ ಅಡಪ ಎಂಬ ರೂಪವೂ ಇದೆ. ಅರಸರ, ಮಂತ್ರಿಗಳ ಪಕ್ಕದಲ್ಲಿ ಆ ಚೀಲ ಹಿಡಿದು ನಿಲ್ಲುವುದು ಒಂದು ಹುದ್ದೆ. ವೀಳ್ಯ ಆಗ ಮರ್ಯಾದೆಯ ಗುರುತು. 1443ರಲ್ಲಿ ನಮ್ಮ ಪಕ್ಕದ ಹಂಪಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಎರಡನೆಯ ದೇವರಾಯ ತನಗೆ ವೀಳ್ಯ, ಕರ್ಪೂರ ಕೊಟ್ಟು ಗೌರವಿಸಿದ್ದನ್ನು ಬರೆದಿಟ್ಟಿದ್ದಾನೆ. ಒಡೆಯನ ಬಾಯಿಗೆ ಹೋಗುವ ಎಲೆಯನ್ನು ನಂಬಿಕಸ್ಥನ ಕೈಯಿಂದ ಮಾತ್ರ ತೆಗೆದುಕೊಳ್ಳಬೇಕಿತ್ತು.

ಸಾಹಿತ್ಯದಲ್ಲಿ ಈ ಹೆಸರು ಬೆಳಗಿದ್ದು 12ನೇ ಶತಮಾನದ ಕಲ್ಯಾಣದಲ್ಲಿ. ಹಡಪದ ಅಪ್ಪಣ್ಣ ಬಸವಣ್ಣನವರ ಆಪ್ತರು. ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’ ಎಂಬ ಅಂಕಿತದಲ್ಲಿ ವಚನ ಬರೆದವರು. ಶೂನ್ಯಸಂಪಾದನೆಯಲ್ಲೂ ಅವರು ಬರುತ್ತಾರೆ. ಅವರ ಹೆಂಡತಿ ಹಡಪದ ಲಿಂಗಮ್ಮ ಸ್ವತಃ ವಚನಕಾರ್ತಿ. ಇಲ್ಲಿ ಕುಳಿತಿರುವ ಹೆಣ್ಣುಮಕ್ಕಳು ಇದನ್ನು ನೆನಪಿಡಬೇಕು.

ಹಾಗಾದರೆ ಕ್ಷೌರ ಎಲ್ಲಿಂದ ಬಂತು? ತಮಿಳಿನಲ್ಲಿ ಇದೇ ಪದ ‘ಅಡೈಪ್ಪಂ’ ಎಂದಿದೆ. ಅದಕ್ಕೆ ಎಲೆ ಅಡಿಕೆಯ ಚೀಲ, ಕ್ಷೌರಿಕನ ಚೀಲ ಎಂಬ ಎರಡೂ ಅರ್ಥಗಳಿವೆ. “ನಾವು ಮೂಲದಲ್ಲಿ ವೀಳ್ಯದ ಚೀಲ ಹಿಡಿದವರು, ಕತ್ತಿ ಹಿಡಿದವರಲ್ಲ” ಎಂದು ನಮ್ಮ ಸಮಾಜದ ಕೆಲವರು ಹೇಳುವುದುಂಟು. ಆ ನೋವು ನನಗೆ ಅರ್ಥವಾಗುತ್ತದೆ. ಬೆಳಗಾಗೆದ್ದು ನಮ್ಮವರ ಮುಖ ನೋಡಿದರೆ ಕೆಲಸ ಕೆಡುತ್ತದೆ ಎಂಬ ಮಾತು ಕೇಳಿಯೇ ನಾನೂ ಬೆಳೆದವನು. ಆದರೆ ಒಂದು ಚೀಲವನ್ನು ಎತ್ತಿ ಹಿಡಿಯಲು ಇನ್ನೊಂದನ್ನು ಬಚ್ಚಿಡಬೇಕಾಗಿಲ್ಲ. ನಮ್ಮಜ್ಜ ಕತ್ತಿ, ಕತ್ತರಿ, ಸಾಣೆಕಲ್ಲಿನ ಚೀಲ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳದ ಆಯ ತರುತ್ತಿದ್ದರು. ಆ ಜೋಳ ಉಂಡೇ ಅಪ್ಪ ಬೆಳೆದರು, ಅಪ್ಪನ ದುಡಿಮೆಯಿಂದಲೇ ನಾನು ಬಿ.ಇ. ಓದಿದೆ. ಗದ್ದದ ಮೇಲೆ ಕತ್ತಿ ಇಡಲು ಕೊರಳು ಒಡ್ಡಬೇಕು. ಅದೂ ನಂಬಿಕೆಯ ಕೆಲಸವೇ ಅಲ್ಲವೇ?

ಈಗ ಕೆಲವು ತಂದೆತಾಯಂದಿರು ಮಕ್ಕಳನ್ನು ಶಾಲೆಗೆ ಸೇರಿಸುವಾಗ ಅಡ್ಡಹೆಸರು ಬೇಡ ಎನ್ನುತ್ತಾರೆ. ಅದು ಅವರವರ ಇಷ್ಟ. ಆದರೆ ಅಂಜಿಕೆಯಿಂದ ಯಾರೂ ಹೆಸರು ಬಿಡುವಂತಾಗಬಾರದು. ಗುರುಗಳಲ್ಲಿ ನನ್ನದೊಂದು ವಿನಂತಿ. ಹಾಜರಿ ಕೂಗುವಾಗ ಹಡಪದ, ಅಂಬಿಗರ, ಮೇದಾರ, ಮಾದಾರ, ತಳವಾರ ಎಂಬ ಹೆಸರು ಬಂದರೆ, ಹಡಪದ ಅಪ್ಪಣ್ಣ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಮಾದಾರ ಚೆನ್ನಯ್ಯ, ತಳವಾರ ಕಾಮಿದೇವಯ್ಯ ಎಂಬ ವಚನಕಾರರಿದ್ದರು ಎಂದು ಮಕ್ಕಳಿಗೆ ಹೇಳಿ. ಯಾವ ಹುಡುಗನೂ ತಲೆ ತಗ್ಗಿಸಿ “ಹಾಜರ್ ಸಾರ್” ಎನ್ನಬಾರದು.

ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಹೊರತಂದ ವಚನ ಸಾಹಿತ್ಯವನ್ನು ಶಾಲೆಯ ಗ್ರಂಥಾಲಯಕ್ಕೆ ಇಂದು ಒಪ್ಪಿಸುತ್ತಿದ್ದೇನೆ. ದಯವಿಟ್ಟು ಬೀರುವಿಗೆ ಬೀಗ ಹಾಕಬೇಡಿ. ಮಕ್ಕಳ ಕೈಗೆ ಕೊಡಿ, ಹಾಳೆ ಹರಿದರೂ ಚಿಂತೆಯಿಲ್ಲ.