ಅಂಗಳದ ಮಳೆನೀರು

ಕೋಲಾರದ ಸೀಮೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಪಾಲಾರಿನ ಪಾತ್ರವೂ ಬಹುಕಾಲ ಬರಿಯ ಮರಳೇ. ಆದುದರಿಂದ ನಮ್ಮ ಹಿರಿಯರು ಮಳೆಯನ್ನೇ ನಂಬಿ ಕೆರೆಯ ಕೆಳಗೆ ಕೆರೆಯನ್ನು ಕಟ್ಟಿದರು. ಮೇಲಿನದು ಕೋಡಿ ಬಿದ್ದರೆ ಕೆಳಗಿನದು ತುಂಬುವಂತೆ ಕಾಲುವೆ ತೆಗೆದರು. ಈ ಏರ್ಪಾಡಿನಲ್ಲಿ ಒಂದು ಊರಿನ ಕೊಳೆ ಆ ಊರಿನಲ್ಲಿಯೇ ನಿಲ್ಲುವುದಿಲ್ಲವೆಂಬುದನ್ನು ನಾವು ಮರೆಯಲಾಗದು.

ಮುಳಬಾಗಿಲು ತಾಲ್ಲೂಕಿನ ಆವನಿಗೆ, ನೊಳಂಬರ ಕಾಲದ ರಾಮಲಿಂಗೇಶ್ವರನ ಗುಡಿಗಳನ್ನು ನೋಡಲು ಹೋದವರು, ಅಲ್ಲಿಯ ಬೆಟ್ಟವನ್ನೂ ಗಮನಿಸಬೇಕು. ಬೋಳುಬಂಡೆಯ ಮೇಲೆ ಬಿದ್ದ ಮಳೆ ಇಂಗದೆ ಜಾರಿ ತಗ್ಗನ್ನು ಸೇರುತ್ತದೆ. ತಾರಸಿ, ಸಿಮೆಂಟಿನ ಅಂಗಳ, ಡಾಂಬರಿನ ಬೀದಿಗಳಿಂದ ನಮ್ಮ ಪಟ್ಟಣಗಳೂ ಅಂತಹ ಬಂಡೆಗಳೇ ಆಗಿವೆ. ಸಾವಿರ ಚದರಡಿಯ ಒಂದು ತಾರಸಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,360 ಲೀಟರು ನೀರಾಗುತ್ತದೆ. ಆ ನೀರು ಬೀದಿಗಿಳಿದು, ವಾಹನಗಳ ಎಣ್ಣೆ, ಸಾಬೂನು, ಬಣ್ಣ, ಸಗಣಿ, ಪ್ಲಾಸ್ಟಿಕ್ಕುಗಳನ್ನು ಹೊತ್ತು ಚರಂಡಿಗೆ ಹೋಗುತ್ತದೆ. ಬೇಸಗೆಯ ಕೊಳೆಯನ್ನೆಲ್ಲ ತೊಳೆದೊಯ್ಯುವ ಮೊದಲ ಮಳೆಯೇ ಎಲ್ಲಕ್ಕಿಂತ ಮಲಿನವಾದುದು. ಚರಂಡಿಯ ನೀರನ್ನು ಎಲ್ಲಿಯೋ ಯಾರೋ ಶುದ್ಧಿಮಾಡುವರೆಂದು ಅನೇಕರ ಭಾವನೆ. ಶುದ್ಧೀಕರಣವೇನಿದ್ದರೂ ಒಳಚರಂಡಿಯ ನೀರಿಗೆ. ಮಳೆಯ ಚರಂಡಿ ಸಾಮಾನ್ಯವಾಗಿ ನೇರವಾಗಿ ಕೆರೆಯನ್ನೇ ಸೇರುವುದು. ಕೆರೆಯಿಂದ ಇಂಗಿದುದೇ ನಮ್ಮ ಬಾವಿಯ ನೀರು.

2018ರಲ್ಲಿ ಬೆಂಗಳೂರಿನ ಸಂಸ್ಕರಿತ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಸತೊಡಗಿದರು. ಅದೇ ವರ್ಷ ನೊರೆ ಕಾಣಿಸಿಕೊಂಡು, ಜನರು ಕಳವಳಗೊಂಡು, ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಪರರ ಊರಿನ ನೀರನ್ನು ಪರೀಕ್ಷಿಸಿ ನೋಡುವುದು ಯುಕ್ತವೇ. ಆದರೆ ನಮ್ಮ ಹೊಸ್ತಿಲಿನಿಂದ ಹರಿಯುವ ನೀರಿನ ಮೇಲೆ ದಾವೆ ಹೂಡುವವರು ಯಾರು?

ಪರಿಹಾರಗಳು ಕಷ್ಟವಾದುವಲ್ಲ. ವಾಹನವನ್ನು ಬೀದಿಯಲ್ಲಿ ತೊಳೆಯದೆ, ಬಾವಿಯಿಂದ ದೂರದ ಹುಲ್ಲುನೆಲದ ಮೇಲೆ, ಸಾಬೂನನ್ನು ಮಿತವಾಗಿ ಬಳಸಿ ತೊಳೆಯಬಹುದು. ವಾಹನ ದುರಸ್ತಿಯ ಅಂಗಡಿಯವರು ಹಳೆಯ ಎಣ್ಣೆಯನ್ನು ಡಬ್ಬಿಗಳಲ್ಲಿ ಕೂಡಿಟ್ಟು, ಅದನ್ನು ಶುದ್ಧಿಮಾಡುವ ಪರವಾನಗಿದಾರರಿಗೆ ಕೊಡಬೇಕು. ಚೆಲ್ಲಿದ ಎಣ್ಣೆಗೆ ನೀರು ಹೊಯ್ಯದೆ ಮರದ ಹೊಟ್ಟನ್ನು ಹಾಕಿ ಗುಡಿಸಿ ತೆಗೆಯಬೇಕು. ಹೋಟೆಲಿನವರು ಜಿಡ್ಡನ್ನು ಮೋರಿಗೆ ಚೆಲ್ಲಬಾರದು. ಮನೆ ಕಟ್ಟಿಸುವವರು ಮರಳು, ಸಿಮೆಂಟುಗಳನ್ನು ಮುಚ್ಚಿಡಬೇಕು. ತಿಪ್ಪೆಯನ್ನು ಕಾಲುವೆಯ ಅಂಚಿನಿಂದ ದೂರವಿಡಬೇಕು. ತಾರಸಿಯ ಮೊದಲ ಮಳೆಯನ್ನು ಹೊರಬಿಟ್ಟು, ಅನಂತರದ್ದನ್ನು ಸೋಸಿ ತೊಟ್ಟಿಗೆ ತುಂಬಿಕೊಳ್ಳಬಹುದು. ಆದರೆ ಎಣ್ಣೆ ಬಿದ್ದ ಅಂಗಳದ ನೀರನ್ನು ಇಂಗುಬಾವಿಗೆ ಬಿಡುವುದು ಮಾತ್ರ ತರವಲ್ಲ. ಒಮ್ಮೆ ಕೆಟ್ಟ ಅಂತರ್ಜಲವನ್ನು ಸರಿಪಡಿಸುವುದು ಬಹು ದುಸ್ಸಾಧ್ಯ.

ಹಿಂದೆ ಕಾಲುವೆಯ ಹೂಳೆತ್ತುವುದು ಊರಿನವರೆಲ್ಲರ ಕರ್ತವ್ಯವಾಗಿದ್ದಿತು. ಇಂದು ನಮ್ಮ ಪಾಲಿಗೆ ಬಂದಿರುವುದು ಅದಕ್ಕಿಂತ ಹಗುರವಾದ ಕೆಲಸ: ಮೋಡ ಕವಿಯುವ ಮುನ್ನ ನಮ್ಮ ನಮ್ಮ ಅಂಗಳವನ್ನು ಗುಡಿಸಿ, ಕಸವನ್ನು ಮೋರಿಗಲ್ಲದೆ ಬುಟ್ಟಿಗೆ ತುಂಬುವುದು. ಕೆಳಗಿನ ಕೆರೆಯವರು ನಮ್ಮಿಂದ ಇಷ್ಟನ್ನಾದರೂ ನಿರೀಕ್ಷಿಸಬಹುದು.