ಹಳೆಯ ತಂತಿಯಲ್ಲಿ ಉಳಿದಿದ್ದ ಜಾಗ

ಸಾಹಿತ್ಯ, ಸಂಗೀತದ ಉಪನ್ಯಾಸಗಳ ನಡುವೆ ಟೆಲಿಫೋನ್ ತಂತಿಯ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ, ಸಂತೋಷ. ಲ್ಯಾಂಡ್‌ಲೈನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಹಿರಿಯರು ಈ ಸಭೆಯಲ್ಲಿ ಇದ್ದೇ ಇರುತ್ತೀರಿ. ನಿಮಗೆ ಈ ತಂತಿಯ ಬೆಲೆ ನಾನು ಹೇಳಬೇಕಾಗಿಲ್ಲ.

ಅದರಲ್ಲಿ ಇರುವುದು ಇಷ್ಟೇ: ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಎರಡು ತಾಮ್ರದ ಎಳೆ, ಒಂದಕ್ಕೊಂದು ಹೊಸೆದದ್ದು. ಹೊಸೆಯುವ ಉಪಾಯಕ್ಕೆ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದರು. ಎಕ್ಸ್‌ಚೇಂಜಿನಲ್ಲಿ ಎಲ್ಲ ತಂತಿಗಳೂ ಸೇರುವ ಎಂಡಿಎಫ್ ಎಂಬ ಚೌಕಟ್ಟಿನಿಂದ ಹೊರಟ ಜೋಡಿ ನೆಲದಡಿಯ ಕೇಬಲ್ಲಿನಲ್ಲಿ ರಸ್ತೆ ಬದಿಯ ಪಿಲ್ಲರ್‌ಗೆ, ಅಲ್ಲಿಂದ ಮನೆಮನೆಗೆ ಹಂಚುವ ಡಿಪಿ ಬಾಕ್ಸಿಗೆ, ಕೊನೆಗೆ ಡ್ರಾಪ್ ವೈರ್ ಆಗಿ ಮನೆಯ ಕಿಟಕಿಗೆ ಬರುತ್ತದೆ. ಡಯಲ್‌ಅಪ್ ಕಾಲದಲ್ಲಿ ಕಿರ್ ಎಂದು ಅರಚುತ್ತ 56 ಕೆಬಿಪಿಎಸ್‌ಗೆ ಏದುಸಿರು ಬಿಟ್ಟದ್ದು ಇದೇ ತಂತಿ. ಆಮೇಲೆ 24 ಎಂಬಿಪಿಎಸ್‌ವರೆಗೆ ಹೊತ್ತದ್ದೂ ಇದೇ. ನಡುವೆ ಯಾರೂ ಬೀದಿ ಅಗೆದು ಹೊಸ ತಂತಿ ಹಾಕಲಿಲ್ಲ. ಹಾಗಾದರೆ ಬದಲಾದದ್ದು ಏನು?

ಡಯಲ್‌ಅಪ್ ನಿಧಾನವಾಗಿದ್ದದ್ದಕ್ಕೆ ತಾಮ್ರವನ್ನು ಬೈದವರೇ ಹೆಚ್ಚು. ಪಾಪ, ತಪ್ಪು ಅದರದ್ದಲ್ಲ. ಮನುಷ್ಯರ ಮಾತು ಅರ್ಥವಾಗಲು 300ರಿಂದ 3400 ಹರ್ಟ್ಸ್ ಸಾಕು ಎಂದು ದೂರವಾಣಿಯವರು ತೀರ್ಮಾನಿಸಿದ್ದರು. ಡಿಜಿಟಲ್ ಎಕ್ಸ್‌ಚೇಂಜುಗಳು ಆ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ನಲ್ಲಿ ಬರೆದುಕೊಳ್ಳುತ್ತಿದ್ದವು. ಗುಣಿಸಿ ನೋಡಿ, 64,000 ಬಿಟ್. ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲಿ, ಎ.ಸಿ. ಕೋಣೆ ಇಲ್ಲದೆ ನಡೆಯುತ್ತಿದ್ದ ಆ ಪುಟ್ಟ ಯಂತ್ರದ ಲೆಕ್ಕವೂ ಇದೇ. ಮೋಡೆಮ್ ಎಷ್ಟೇ ಜಾಣನಾದರೂ ಈ 64,000 ಬಿಟ್‌ನ ಬಾಗಿಲಲ್ಲೇ ನುಸುಳಬೇಕಿತ್ತು. ತಂತಿಯಲ್ಲಿ ಮಾತಿನ ಮೇಲಿನ ಆವರ್ತನಗಳೆಲ್ಲ ಖಾಲಿ ಬಿದ್ದಿದ್ದವು.

ಅಸಿಮೆಟ್ರಿಕ್ (ಅಸಮಾನ) ಡಿಜಿಟಲ್ ಸಬ್‌ಸ್ಕ್ರೈಬರ್ ಲೈನ್, ಚಿಕ್ಕದಾಗಿ ಎಡಿಎಸ್‌ಎಲ್, ಎಂಬ ತಂತ್ರ ಆ ಖಾಲಿ ಜಾಗಕ್ಕೆ ಕೈ ಹಾಕಿತು. ಮನೆಯಲ್ಲೊಂದು ಸ್ಪ್ಲಿಟರ್, ಎಕ್ಸ್‌ಚೇಂಜಿನಲ್ಲಿ ಡಿಎಸ್‌ಲ್ಯಾಮ್ ಎಂಬ ಪೆಟ್ಟಿಗೆ. ಕೆಳಗಿನ ಆವರ್ತನ ಮಾತಿಗೆ, ಸುಮಾರು 25 ಕಿಲೋಹರ್ಟ್ಸ್‌ನಿಂದ 1.1 ಮೆಗಾಹರ್ಟ್ಸ್‌ವರೆಗಿನದು ಇಂಟರ್‌ನೆಟ್ಟಿಗೆ. ಫೋನಿನಲ್ಲಿ ಮಾತಾಡುತ್ತಲೇ ನೆಟ್ ನೋಡಬಹುದಾದದ್ದು ಹೀಗೆ.

ಹೇಳಲು ಸುಲಭ. ತಾಮ್ರದಲ್ಲಿ ಆವರ್ತನ ಏರಿದಷ್ಟೂ, ದೂರ ಹೆಚ್ಚಿದಷ್ಟೂ ಸಂಕೇತ ಸೊರಗುತ್ತದೆ. ಜೊತೆಗೆ ಬಯಲಲ್ಲಿ ತೂಗುವ ತಂತಿ ತಾನೇ ಒಂದು ಆಂಟೆನಾ. ಆಕಾಶವಾಣಿ ಬೆಂಗಳೂರಿನ ಮೀಡಿಯಂ ವೇವ್ ಪ್ರಸಾರ 612 ಕಿಲೋಹರ್ಟ್ಸ್, ಧಾರವಾಡದ್ದು 765. ಎರಡೂ ಎಡಿಎಸ್‌ಎಲ್ ಬಳಸುವ ಪಟ್ಟಿಯ ನಡುಮಧ್ಯೆಯೇ ಬರುತ್ತವೆ! ಇದಕ್ಕೆ ಪರಿಹಾರವಾಗಿ ಗೆದ್ದದ್ದು ಸ್ಟ್ಯಾನ್‌ಫರ್ಡ್‌ನ ಜಾನ್ ಚಿಯೋಫಿ ಬೆಳೆಸಿದ ವಿಧಾನ. ಹೊಲವನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿ, ಮಣ್ಣು ನೋಡಿ ಬಿತ್ತುವ ರೈತನ ಬುದ್ಧಿ ಅದು. ಇಡೀ ಜಾಗವನ್ನು 4.3125 ಕಿಲೋಹರ್ಟ್ಸ್ ಅಂತರದ 256 ಪಟ್ಟಿಗಳಾಗಿ ಒಡೆದು, ಪ್ರತಿಯೊಂದರಲ್ಲೂ ಗದ್ದಲ ಎಷ್ಟಿದೆ ಎಂದು ಮೋಡೆಮ್ ಮೊದಲು ಅಳೆಯುತ್ತದೆ. ಶುದ್ಧವಾಗಿರುವ ಪಟ್ಟಿಗೆ ಒಂದು ಸಲಕ್ಕೆ 15 ಬಿಟ್‌ವರೆಗೆ ಹೊರಿಸುತ್ತದೆ, ಕೆಟ್ಟದ್ದಕ್ಕೆ ಎರಡೋ ಮೂರೋ, ತೀರಾ ಕೆಟ್ಟಿದ್ದರೆ ಸೊನ್ನೆ. ಆಕಾಶವಾಣಿಯ ಗೋಪುರದ ಹತ್ತಿರವಿರುವ ಬೆಂಗಳೂರಿನ ಲೈನಿನಲ್ಲಿ 142ನೆಯ ಪಟ್ಟಿಯ ಆಸುಪಾಸು ಇಳುವರಿ ಕಡಿಮೆ ಎಂದು ಲೆಕ್ಕ ಹಾಕಬಹುದು. ಮೋಡೆಮ್ ಆನ್ ಮಾಡಿದಾಗ ಡಿಎಸ್‌ಎಲ್ ದೀಪ ಮಿನುಗುತ್ತಿತ್ತಲ್ಲ, ಆಗ ನಡೆಯುತ್ತಿದ್ದದ್ದು ಈ ಅಳತೆಯೇ. ಪಟ್ಟಿಯೊಂದು ನಡುವೆ ಹಾಳಾದರೆ ಅದರ ಹೊರೆಯನ್ನು ಸದ್ದಿಲ್ಲದೆ ಬೇರೆಯದಕ್ಕೆ ಹಂಚುವುದೂ ಅದಕ್ಕೆ ಗೊತ್ತು.

ಒಂದು ತಮಾಷೆ ಹೇಳುತ್ತೇನೆ. ಎರಡು ಎಳೆಗಳಲ್ಲಿ ಒಂದು ಕಡಿದರೆ ಫೋನ್ ಸತ್ತಂತೆ, ಡಯಲ್ ಟೋನ್ ಇಲ್ಲ. ಆದರೆ ನೆಟ್ ಕುಂಟುತ್ತಲಾದರೂ ನಡೆಯುವುದುಂಟು, ಯಾಕೆಂದರೆ ಹೆಚ್ಚಿನ ಆವರ್ತನದ ಸಂಕೇತ ಆ ಸಣ್ಣ ಬಿರುಕನ್ನು ಹಾರಿ ದಾಟಬಲ್ಲದು. ಫೋನ್ ಡೆಡ್, ನೆಟ್ ಇದೆ ಎಂದು ದೂರು ಕೊಟ್ಟವರನ್ನು ಯಾರೂ ನಂಬುತ್ತಿರಲಿಲ್ಲ. ಅವರು ಹೇಳಿದ್ದು ನಿಜ.

ಇನ್ನು ಎಡಿಎಸ್‌ಎಲ್ ಹೆಸರಿನಲ್ಲಿರುವ ಆ ಅಸಮಾನತೆ. ಡೌನ್‌ಲೋಡ್ ಧಾರಾಳ, ಅಪ್‌ಲೋಡ್ ಜಿಪುಣ. ಇದು 1980ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್‌ಕೋರ್ ಸಂಸ್ಥೆಯ ಜೋಸೆಫ್ ಲೆಕ್ಲೈಡರ್ ಅವರಿಗೆ ಹೊಳೆದದ್ದು. ಎಕ್ಸ್‌ಚೇಂಜಿನ ತುದಿಯಲ್ಲಿ ನೂರಾರು ಜೋಡಿಗಳು ಒಂದೇ ಕಟ್ಟಿನಲ್ಲಿವೆ. ದೂರದ ಮನೆಯಿಂದ ಸೊರಗಿ ಬಂದ ಸಂಕೇತ, ಪಕ್ಕದ ಜೋಡಿಗಳಲ್ಲಿ ಎಕ್ಸ್‌ಚೇಂಜು ಜೋರಾಗಿ ಕಳಿಸುತ್ತಿರುವುದರ ಸೋರಿಕೆಯಲ್ಲಿ, ಅಂದರೆ ಕ್ರಾಸ್‌ಟಾಕ್‌ನಲ್ಲಿ, ಮುಳುಗಿಹೋಗುತ್ತದೆ. ಎರಡು ದಿಕ್ಕಿಗೂ ಸಮಪಾಲು ಎಂಬ ಹಟ ಬಿಟ್ಟು, ಬಹುಪಾಲನ್ನು ಮನೆಯ ಕಡೆಗೆ ಬಿಟ್ಟರೆ ಒಟ್ಟು ಲಾಭ ಹೆಚ್ಚು ಎಂದು ಅವರು ಕಂಡುಕೊಂಡರು. ಫೋನ್ ಕಂಪನಿಗಳಿಗೂ ಅದು ಒಪ್ಪಿತು. ಕೇಬಲ್ ಟಿವಿಗೆ ಎದುರಾಗಿ ಮನೆಗೆ ಸಿನಿಮಾ ಕಳಿಸುವುದು ಅವರ ಆಗಿನ ಕನಸು. ಜನ ನೋಡುತ್ತಾರೆ, ಕಳಿಸುವುದೇನಿದೆ ಎಂಬ ಎಣಿಕೆ ತಂತ್ರಜ್ಞಾನದೊಳಗೇ ಹೀಗೆ ಕೂತುಬಿಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ತಾಮ್ರದ ಲೈನಿನ ಮನೆಗಳಿಂದ ಪಾಠ ಹೇಳಲು ಕೂತ ಮೇಷ್ಟ್ರುಗಳ ಮುಖ ಪರದೆಯ ಮೇಲೆ ಕಲ್ಲಾಗಿ ನಿಲ್ಲುತ್ತಿದ್ದುದಕ್ಕೆ, ಸುಮಾರು 1 ಎಂಬಿಪಿಎಸ್‌ಗೆ ಕಟ್ಟಿಹಾಕಿದ್ದ ಆ ಅಪ್‌ಲೋಡ್ ಕೂಡ ಒಂದು ಕಾರಣ.

ಭಾರತದಲ್ಲಿ 2004ರ ನೀತಿ 256 ಕೆಬಿಪಿಎಸ್ ಅನ್ನೇ ಬ್ರಾಡ್‌ಬ್ಯಾಂಡ್ ಎಂದಿತು. ಮರುವರ್ಷದ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಸೇವೆ ಡೇಟಾಒನ್ ಬಂತು. ಆ ಹೊತ್ತಿಗೆ ಅದೇ ತಂತಿಯಲ್ಲಿ 8 ಎಂಬಿಪಿಎಸ್ ಕೊಡುವ ಮಾನದಂಡ ಬಂದು ವರ್ಷಗಳಾಗಿದ್ದವು. ನನ್ನ ಪ್ರಕಾರ 256ರ ಮಿತಿ ತೀರಾ ಕೈಬಿಗಿ. ಆ ಮಿತಿ 2 ಎಂಬಿಪಿಎಸ್ ಆದದ್ದು 2023ರಲ್ಲಿ.

ಬ್ರಿಟನ್, ಜರ್ಮನಿಯವರು ತಾಮ್ರವನ್ನು ಇನ್ನಷ್ಟು ಹಿಂಡಿದರು. ಫೈಬರನ್ನು ಬೀದಿಯ ಪೆಟ್ಟಿಗೆವರೆಗೆ ತಂದು, ಕೊನೆಯ ಕೆಲವು ನೂರು ಮೀಟರಿಗೆ ಮಾತ್ರ ಹಳೆಯ ತಂತಿ ಉಳಿಸಿಕೊಂಡರು. ವಿಡಿಎಸ್‌ಎಲ್2 ಅಂದರೆ ಇದೇ. 2010ರಲ್ಲಿ ಬಂದ ವೆಕ್ಟರಿಂಗ್ ಒಂದು ಕಟ್ಟಿನ ಎಲ್ಲ ಜೋಡಿಗಳ ಕ್ರಾಸ್‌ಟಾಕ್ ಅನ್ನೂ ಒಟ್ಟಿಗೆ ಲೆಕ್ಕ ಹಾಕಿ ಕಳೆಯಿತು. ಒಳ್ಳೆಯ ಲೈನಿನಲ್ಲಿ 100 ಎಂಬಿಪಿಎಸ್ ಸಿಕ್ಕಿತು. ಮಳೆಗಾಲಕ್ಕೆ ಜಾಯಿಂಟಿನಲ್ಲಿ ನೀರು, ಬೇಸಿಗೆಗೆ ರಸ್ತೆ ಅಗೆತ ಎಂದಾಗುವ ನಮ್ಮ ಊರುಗಳಲ್ಲಿ ಆ ದಾರಿ ಬೆಳೆಯಲಿಲ್ಲ. ನಾವು 4ಜಿಗೆ, ಮನೆಯವರೆಗಿನ ಫೈಬರಿಗೆ ನೇರ ಹಾರಿದೆವು.

ಇನ್ನೂ ತಾಮ್ರದ ಲೈನ್ ಇಟ್ಟುಕೊಂಡವರು ಇಲ್ಲಿದ್ದರೆ, ಮೋಡೆಮಿನ ಸೆಟ್ಟಿಂಗ್ ಪುಟದಲ್ಲಿ ಅಟೆನ್ಯುಯೇಷನ್, ಅಂದರೆ ಸಂಕೇತ ಎಷ್ಟು ಸೊರಗಿದೆ, ಎಂಬ ಅಂಕಿ ನೋಡಿಕೊಳ್ಳಿ. 20ರ ಸುತ್ತ ಇದ್ದರೆ ಲೈನ್ ಚೆನ್ನಾಗಿದೆ. 60 ದಾಟಿದ್ದರೆ ಎಕ್ಸ್‌ಚೇಂಜು ದೂರ, ಪ್ಲಾನ್ ಬದಲಿಸಿ ಪ್ರಯೋಜನವಿಲ್ಲ. ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.