ಗಾಲ್ಫ್ ಮೈದಾನದಲ್ಲಿ ನಾವು: ಆಟ, ನಡತೆ, ಮನಸ್ಸು



ಕನ್ನಡದವರ ಸಮಾವೇಶದಲ್ಲಿ ಗಾಲ್ಫ್ ಬಗ್ಗೆ ಭಾಷಣವೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದಾರೆ. ನಗಲಿ. ಚೀನಾ ಕ್ಲಸ್ಟರ್‌ನಿಂದ ಇಂಗ್ಲೆಂಡ್ ಕ್ಲಸ್ಟರ್‌ಗೆ, ಅಲ್ಲಿಂದ ಫ್ರಾನ್ಸ್ ಕ್ಲಸ್ಟರ್‌ಗೆ ವೀಸಾ ಇಲ್ಲದೆ ಚಪ್ಪಲಿ ಹಾಕಿಕೊಂಡೇ ಹೋಗಿ ಬರುವವರು ನಾವು. ಆದರೆ ಆಫೀಸಿನಿಂದ ‘ಈ ಶನಿವಾರ ಕಂಪನಿಯ ಗಾಲ್ಫ್ ಡೇ, ನೀವೂ ಬನ್ನಿ’ ಎಂದು ಮೇಲ್ ಬಂದರೆ ಮಾತ್ರ ಎದೆ ಡವಡವ ಎನ್ನುತ್ತದೆ. ಏನು ಹಾಕಿಕೊಳ್ಳಬೇಕು, ಎಲ್ಲಿ ನಿಲ್ಲಬೇಕು, ಬಾಸ್ ಎದುರು ಚೆಂಡು ತಪ್ಪಿಸಿ ಬರೀ ಗಾಳಿ ಹೊಡೆದರೆ ಏನು ಗತಿ? ಈ ಭಯಕ್ಕೆ ಕೆಲವರು ಹೊಟ್ಟೆನೋವಿನ ನೆಪ ಹೇಳುತ್ತಾರೆ. ಇನ್ನು ಕೆಲವರು ಹಿಂದಿನ ದಿನವೇ ಕ್ರೆಡಿಟ್ ಕಾರ್ಡ್ ಉಜ್ಜಿ ಪೂರ್ತಿ ಸೆಟ್ ಕೊಂಡು ತರುತ್ತಾರೆ. ಎರಡೂ ಬೇಡ. ಅದಕ್ಕೇ ಈ ಮಾತು.

ಮೊದಲು ಒಂದು ವಿಷಯ. ಈ ಆಟ ನಮಗೆ ಪರಕೀಯವಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ದುಬೈಯಲ್ಲಿ ಪೂರ್ತಿ ಹುಲ್ಲಿನ ಮೊದಲ ಚಾಂಪಿಯನ್‌ಶಿಪ್ ಮೈದಾನ, ಎಮಿರೇಟ್ಸ್ ಗಾಲ್ಫ್ ಕ್ಲಬ್ಬಿನ ಮಜ್ಲಿಸ್, ತೆರೆದದ್ದು 1988ರಲ್ಲಿ. ಅದಕ್ಕೂ ಮುಂಚೆ ಇಲ್ಲಿ ಆಡುತ್ತಿದ್ದವರು ಮರಳಿನ ಮೇಲೇ ಆಡುತ್ತಿದ್ದರು. ಗ್ರೀನ್ ಇರಬೇಕಾದ ಜಾಗದಲ್ಲಿ ಎಣ್ಣೆ ಬೆರೆಸಿ ಗಟ್ಟಿ ಮಾಡಿದ ಮರಳು. ಅದನ್ನು ಬ್ರೌನ್ ಎನ್ನುತ್ತಿದ್ದರು. ಆಟಗಾರರು ಒಂದು ತುಂಡು ಕೃತಕ ಹುಲ್ಲಿನ ಚಾಪೆ ಹೊತ್ತುಕೊಂಡು ತಿರುಗಿ, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಿದ್ದರು. ಮುಂದಿನವರಿಗಾಗಿ ಬ್ರೌನ್ ಮೇಲಿನ ಹೆಜ್ಜೆ ಗುರುತು ಗುಡಿಸಿಡಬೇಕಿತ್ತು. ಹುಲ್ಲಿಲ್ಲದ ಕಾಲದಲ್ಲೂ ಆ ಒಂದು ಮರ್ಯಾದೆ ಇತ್ತು, ನೋಡಿ.

ನಮ್ಮ ಬಿಡದಿಯ ಈಗಲ್ಟನ್ ಮೈದಾನದಲ್ಲಿ ಹುಡುಗನಾಗಿದ್ದಾಗ ಬೇರೆಯವರ ಚೀಲ ಹೊತ್ತ ಕ್ಯಾಡಿ ಚಿಕ್ಕರಂಗಪ್ಪ ಮುಂದೆ ವೃತ್ತಿಪರ ಆಟಗಾರರಾಗಿ ಏಷ್ಯನ್ ಟೂರ್‌ವರೆಗೆ ಹೋದರು. ಗಾಲ್ಫ್ ಎಂದರೆ ಸಾಹೇಬರ ಆಟ ಎನ್ನುವವರಿಗೆ ನಾನು ಕೊಡುವ ಉತ್ತರ ಅವರ ಹೆಸರು.

ಇನ್ನೊಂದು ಹೆಸರು ನಿಮಗೆಲ್ಲ ಗೊತ್ತು, ಬೆಂಗಳೂರಿನ ಅದಿತಿ ಅಶೋಕ್. 2021ರ ಆಗಸ್ಟ್ 7, ಟೋಕಿಯೊ ಒಲಿಂಪಿಕ್ಸ್. ನೀರಜ್ ಚೋಪ್ರಾ ಚಿನ್ನ ಗೆದ್ದ ದಿನವದು. ಅದೇ ಬೆಳಿಗ್ಗೆ, ಗಾಲ್ಫ್ ಎಂದರೆ ಏನೆಂದೇ ತಿಳಿಯದ ಎಷ್ಟೋ ಮನೆಗಳಲ್ಲಿ ಜನ ಟಿವಿ ಮುಂದೆ ಕೂತಿದ್ದರು. ವಿಶ್ವ ಶ್ರೇಯಾಂಕದಲ್ಲಿ 200ನೆಯವರಾಗಿದ್ದ ಹುಡುಗಿ ಮೂರು ಸುತ್ತು ಮುಗಿದಾಗ ಎರಡನೇ ಸ್ಥಾನದಲ್ಲಿದ್ದರು. ಚೀಲ ಹೊತ್ತಿದ್ದವರು ಅವರ ಅಮ್ಮ. ಕೊನೆಗೆ ನಾಲ್ಕನೇ ಸ್ಥಾನ; ಒಂದೇ ಒಂದು ಹೊಡೆತದಿಂದ ಪದಕ ತಪ್ಪಿತು.

ನಮ್ಮಂಥ ಹವ್ಯಾಸಿಗಳು ಗಮನಿಸಬೇಕಾದದ್ದು ಅವರು ಆಡಿದ ರೀತಿಯನ್ನು. ಟೀಯಿಂದ ಅವರ ಹೊಡೆತ ಜೊತೆಯವರಿಗಿಂತ ಬಹಳ ಹಿಂದೆ ಬೀಳುತ್ತಿತ್ತು. ಕೆಲವೇ ವಾರಗಳ ಹಿಂದೆ ಕೋವಿಡ್ ಬಂದು ಮೈಯಲ್ಲಿ ಶಕ್ತಿಯೂ ಕಡಿಮೆಯಾಗಿತ್ತು. ಆ ಕೊರತೆಯನ್ನೆಲ್ಲ ಅವರು ತುಂಬಿಕೊಂಡದ್ದು ಗ್ರೀನ್ ಮೇಲೆ, ಪಟ್ಟರ್‌ನಿಂದ. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಡ್ರೈವಿಂಗ್ ರೇಂಜಿಗೆ ಹೋಗಿ ಬಕೆಟ್ ಚೆಂಡು ತೆಗೆದುಕೊಂಡು, ದೊಡ್ಡ ಡ್ರೈವರ್ ಹಿಡಿದು, ಆಫೀಸಿನ ಸಿಟ್ಟೆಲ್ಲ ಚೆಂಡಿನ ಮೇಲೆ ತೀರಿಸಿಕೊಂಡು ಬರುತ್ತೇವೆ.

ಲೆಕ್ಕ ನೋಡಿ. ಪಾರ್ 72ರ ಮೈದಾನ. ಪ್ರತಿ ಗುಳಿಗೆ ಎರಡು ಪಟ್ ಎಂಬ ಲೆಕ್ಕದಲ್ಲೇ ಪಾರ್ ಕಟ್ಟಿರುತ್ತಾರೆ. ಹದಿನೆಂಟು ಗುಳಿಗೆ 36 ಪಟ್. ಅಂದರೆ ಆಟದ ಅರ್ಧ ಆ ಪುಟ್ಟ ಕೋಲಿನದ್ದು! ಇದನ್ನು ಅಭ್ಯಾಸ ಮಾಡಲು ದಿರ್ಹಮ್ ಬೇಕಿಲ್ಲ. ಸ್ಟುಡಿಯೋ ಫ್ಲ್ಯಾಟಿನ ಕಾರ್ಪೆಟ್ ಸಾಕು. ಗುಳಿಯ ಅಗಲ 108 ಮಿಲಿಮೀಟರ್. ನಿಮ್ಮ ಸ್ಟೀಲ್ ಲೋಟ ಅದಕ್ಕಿಂತ ಸಣ್ಣದು. ಲೋಟವನ್ನು ಮಲಗಿಸಿ ರಾತ್ರಿ ಊಟವಾದ ಮೇಲೆ ಇಪ್ಪತ್ತು ಪಟ್ ಮಾಡಿ. ಲೋಟಕ್ಕೆ ಬೀಳುವ ಚೆಂಡಿಗೆ ಮೈದಾನದ ಗುಳಿ ಬಾವಿಯಂತೆ ಕಾಣುತ್ತದೆ. ಕೆಳಗಿನ ಮನೆಯವರು ಟಕ್ ಟಕ್ ಸದ್ದಿಗೆ ಬಾಗಿಲು ತಟ್ಟಿದರೆ ಒಂದು ಟವೆಲ್ ಹಾಸಿ. ಮೈದಾನಕ್ಕೆ ಹೋದಾಗ, ದೂರದ ಪಟ್ ಇದ್ದರೆ ದಿಕ್ಕಿಗಿಂತ ಮೊದಲು ದೂರ ನೋಡಿ. ಮೂರು ಪಟ್ ಆಗುವುದು ಬಹಳ ಸಲ ಚೆಂಡು ಎಡಕ್ಕೋ ಬಲಕ್ಕೋ ಹೋಗಿದ್ದರಿಂದಲ್ಲ. ಮೊದಲ ಪಟ್ ಬಹಳ ಮುಂದೆ ಹೋಗಿದ್ದರಿಂದ ಅಥವಾ ಅರ್ಧಕ್ಕೇ ನಿಂತಿದ್ದರಿಂದ.

ಹಿಡಿತದ ಬಗ್ಗೆ ಒಂದೇ ಮಾತು. ಕೋಲನ್ನು ಬಾವಿಯಿಂದ ನೀರು ಸೇದುವ ಹಗ್ಗದಂತೆ ಹಿಡಿಯಬೇಡಿ, ತೊಟ್ಟಿಲು ತೂಗುವ ಹಗ್ಗದಂತೆ ಹಿಡಿಯಿರಿ. ಉಳಿದದ್ದನ್ನು ಕೋಚ್ ಹತ್ತಿರ ಕಲಿಯಿರಿ, ಯೂಟ್ಯೂಬಿನ ಹತ್ತು ಗುರುಗಳ ಹತ್ತಿರವಲ್ಲ. ಇನ್ನು ಸಾಮಾನು. ಚೀಲದಲ್ಲಿ ಗರಿಷ್ಠ 14 ಕೋಲು ಇರಬಹುದು ಎಂದು ನಿಯಮ ಹೇಳುತ್ತದೆ, ಕನಿಷ್ಠ ಇಷ್ಟಿರಲೇಬೇಕು ಎಂದು ಎಲ್ಲೂ ಹೇಳುವುದಿಲ್ಲ. ಹಳೆಯ ಏಳು ಕೋಲು ಸಾಕು. ಮೊದಲ ವರ್ಷ ಬಾಡಿಗೆಯವೇ ಸಾಕು.

ನಡತೆಗೆ ಬರೋಣ. ಕಾಲರ್ ಇರುವ ಟೀ ಶರ್ಟ್, ಜೀನ್ಸ್ ಅಲ್ಲದ ಪ್ಯಾಂಟ್ ಹಾಕಿಕೊಂಡರೆ ಉಡುಪಿನ ಚಿಂತೆ ಮುಗಿಯಿತು. ಇನ್ನೊಬ್ಬರು ಹೊಡೆಯುವಾಗ ಮಾತಿಲ್ಲ, ಫೋನಿಲ್ಲ, ಅವರ ಬೆನ್ನ ಹಿಂದೆ ನಿಲ್ಲುವುದಿಲ್ಲ. ಗ್ರೀನ್ ಮೇಲೆ ಅವರ ಚೆಂಡಿಗೂ ಗುಳಿಗೂ ನಡುವಿನ ಗೆರೆಯನ್ನು ತುಳಿಯುವುದಿಲ್ಲ. ರಂಗೋಲಿ ದಾಟುವಾಗ ಕಾಲು ಎತ್ತಿಡುತ್ತೇವಲ್ಲ, ಹಾಗೆ. ಚೆಂಡು ಜನರ ಕಡೆ ಹೋದರೆ ಸಂಕೋಚ ಬಿಟ್ಟು ‘ಫೋರ್’ ಎಂದು ಗಟ್ಟಿಯಾಗಿ ಕೂಗಿ. ತಲೆ ಒಡೆದ ಮೇಲೆ ಕೇಳುವ ಕ್ಷಮೆಗೆ ಬೆಲೆಯಿಲ್ಲ. ಕಳೆದ ಚೆಂಡು ಹುಡುಕಲು 2019ರಿಂದ ಮೂರೇ ನಿಮಿಷ, ಮೊದಲು ಐದಿತ್ತು. ನಿಮ್ಮ ಸರದಿ ಬಂದಾಗ 40 ಸೆಕೆಂಡಿನೊಳಗೆ ಹೊಡೆಯಿರಿ ಎನ್ನುವುದು ನಿಯಮ ಪುಸ್ತಕದ ಸಲಹೆ. ನೆನಪಿಡಿ, ನೀವು ಕೆಟ್ಟದಾಗಿ ಆಡಿದ್ದನ್ನು ಬಾಸ್ ಸೋಮವಾರದೊಳಗೆ ಮರೆಯುತ್ತಾರೆ. ನಿಧಾನ ಮಾಡಿ ನಾಲ್ಕು ಜನರನ್ನು ಬಿಸಿಲಲ್ಲಿ ಕಾಯಿಸಿದ್ದನ್ನು ಮರೆಯುವುದಿಲ್ಲ.

ಬಂಕರಿನಿಂದ ಹೊರಬಂದ ಮೇಲೆ ಮರಳು ಎಳೆದು ಸಮ ಮಾಡುವುದು, ಗ್ರೀನ್ ಮೇಲೆ ಚೆಂಡು ಬಿದ್ದು ಆದ ತಗ್ಗನ್ನು ಸರಿಪಡಿಸುವುದು, ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಬೆಳಗಿನ ಜಾವ ನಾವು ಟೀ ಮೇಲೆ ನಿಲ್ಲುವ ಹೊತ್ತಿಗೆ ಒಬ್ಬ ಮನುಷ್ಯ ಆ ಗ್ರೀನನ್ನು ಕತ್ತರಿಸಿ ಮುಗಿಸಿರುತ್ತಾನೆ. ಅವನು ನಮ್ಮ ದೇಶದವನೋ, ನೇಪಾಳದವನೋ, ಬಾಂಗ್ಲಾದವನೋ ಆಗಿರುತ್ತಾನೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಹೊರಗಿನ ಕೆಲಸ ಮಾಡಿಸಬಾರದು ಎಂಬ ಕಾನೂನು ಇಲ್ಲಿರುವುದು ಅಂಥವರಿಗಾಗಿಯೇ. ನಮ್ಮಲ್ಲಿ ಎಷ್ಟೋ ಜನ ಈ ದೇಶಕ್ಕೆ ಬಂದಾಗ ಹಿಡಿದದ್ದು ಅಂಥದೇ ಕೆಲಸ. ಕಾರ್ಟ್ ಓಡಿಸಿಕೊಂಡು ಹೋಗುವಾಗ ಅವನು ಮೆಷಿನ್ ನಿಲ್ಲಿಸಿ ನಿಮಗೆ ದಾರಿ ಬಿಡುತ್ತಾನೆ. ಕೈ ಎತ್ತಿ ಒಂದು ನಮಸ್ಕಾರ ಮಾಡಿ. ಅವನು ಕೆಲಸದಲ್ಲಿರುವ ಕಡೆಗೆ ಚೆಂಡು ಹೊಡೆಯಬೇಡಿ, ಕಾಯಿರಿ. ಗಾಲ್ಫ್ ಆಡಲು ಶುರು ಮಾಡಿದ ಕೂಡಲೇ ಅವನು ಕಣ್ಣಿಗೆ ಕಾಣದಂತಾಗುವವರನ್ನು ನಾನು ನೋಡಿದ್ದೇನೆ. ಅವರ ಹ್ಯಾಂಡಿಕ್ಯಾಪ್ ಎಷ್ಟು ಚೆನ್ನಾಗಿದ್ದರೂ ಅವರ ಜೊತೆ ಆಡಲು ನನಗೆ ಮನಸ್ಸಾಗುವುದಿಲ್ಲ.

ಲೆಕ್ಕದ ಪ್ರಾಮಾಣಿಕತೆ. ಕ್ರಿಕೆಟ್ಟಿನಲ್ಲಿ ಅಂಪೈರ್ ಬೆರಳು ಎತ್ತುವವರೆಗೆ ನಿಂತಿರಬಹುದು. ಇಲ್ಲಿ ಅಂಪೈರ್ ನೀವೇ. 1925ರ ಯುಎಸ್ ಓಪನ್‌ನಲ್ಲಿ ಬಾಬಿ ಜೋನ್ಸ್ ಹೊಡೆಯಲು ನಿಂತಾಗ ಚೆಂಡು ಸ್ವಲ್ಪ ಅಲುಗಿತು ಎಂದು ತಾವೇ ಹೇಳಿ ತಮಗೆ ತಾವೇ ಒಂದು ಹೊಡೆತದ ದಂಡ ಹಾಕಿಕೊಂಡರು. ಬೇರೆ ಯಾರೂ ನೋಡಿರಲಿಲ್ಲ. ಆಮೇಲೆ ಪ್ಲೇಆಫ್‌ನಲ್ಲಿ ಸೋತರು. ಆ ಒಂದು ಹೊಡೆತ ಇಲ್ಲದಿದ್ದರೆ ಪ್ಲೇಆಫೇ ಬೇಕಿರಲಿಲ್ಲ. ನಮ್ಮ ಶನಿವಾರದ ಆಟದಲ್ಲಿ ಟ್ರೋಫಿ ಇಲ್ಲ, ಆದರೆ ಜೊತೆಗೆ ಆಡುವವರು ಗ್ರಾಹಕರು, ಮ್ಯಾನೇಜರುಗಳು. ಪೊದೆಯಲ್ಲಿ ಕಾಲಿನಿಂದ ಚೆಂಡು ಸರಿಸಿ ಏಳನ್ನು ಐದು ಎಂದು ಬರೆದವನ ಕೈಗೆ ಕಂಪನಿಯ ಚೆಕ್ ಪುಸ್ತಕ ಕೊಡಲು ಯಾರಿಗೆ ಧೈರ್ಯ ಬರುತ್ತದೆ? ಬಾಸ್ ಗೆಲ್ಲಲಿ ಎಂದು ಬೇಕೆಂದೇ ಪಟ್ ತಪ್ಪಿಸುವುದೂ ಸುಳ್ಳೇ. ಅನುಭವಿ ಆಟಗಾರರಿಗೆ ಅದು ತಕ್ಷಣ ತಿಳಿಯುತ್ತದೆ, ಅವಮಾನವೂ ಆಗುತ್ತದೆ. ಇನ್ನು ಪ್ರತಿ ಗುಳಿಗೆ ಇಷ್ಟು ದಿರ್ಹಮ್ ಎಂದು ಪಂದ್ಯ ಕಟ್ಟುವ ಅಭ್ಯಾಸ. ಇಲ್ಲಿ ಪರವಾನಗಿಯಿಲ್ಲದ ಜೂಜು ಅಪರಾಧ. ತಮಾಷೆಗಾದರೂ ಬೇಡ. ಸೋತವರು ಕರಕ್ ಚಹಾ ಕುಡಿಸಲಿ.

ಕೊನೆಯದಾಗಿ ಮನಸ್ಸು. ಮತ್ತೆ ಅದಿತಿಯವರ ಕಡೆಗೇ ಹೋಗುತ್ತೇನೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್. ಮೂರನೇ ಸುತ್ತಿನಲ್ಲಿ 61 ಹೊಡೆದು ಏಳು ಹೊಡೆತಗಳ ಮುನ್ನಡೆ. ಚಿನ್ನ ಬಂದೇಬಿಟ್ಟಿತು ಎಂದು ನಾವೆಲ್ಲ ವಾಟ್ಸಾಪ್‌ನಲ್ಲಿ ಹಂಚಿಕೊಂಡೆವು. ಕೊನೆಯ ದಿನ 77 ಆಯಿತು. ಥಾಯ್ಲೆಂಡಿನ ಆರ್ಪಿಚಾಯಾ ಯುಬೋಲ್ ಎರಡು ಹೊಡೆತದಿಂದ ಗೆದ್ದರು. ಬೆಳ್ಳಿ ಬಂತು, ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಗೆ ಸಿಕ್ಕ ಮೊದಲ ಪದಕ ಅದು. ಆದರೂ ಏಳು ಹೊಡೆತದ ಮುನ್ನಡೆ ಕೈ ಬಿಟ್ಟುಹೋದ ನೋವು ಎಂಥದೆಂದು ಊಹಿಸಿ. ಎರಡು ತಿಂಗಳೊಳಗೆ ಅವರು ಸ್ಪೇನಿನಲ್ಲಿ ಓಪನ್ ಟೂರ್ನಿ ಗೆದ್ದರು. ಅಂದಹಾಗೆ, 2017ರಲ್ಲಿ ನಮ್ಮ ಪಕ್ಕದ ಅಬುಧಾಬಿಯಲ್ಲಿ ಫಾತಿಮಾ ಬಿಂತ್ ಮುಬಾರಕ್ ಓಪನ್ ಗೆದ್ದವರೂ ಅವರೇ.

ಅವರ ಮನಸ್ಸಿನೊಳಗೆ ಏನು ನಡೆಯಿತೋ ಅವರಿಗೇ ಗೊತ್ತು. ನಮ್ಮ ಮಟ್ಟಕ್ಕೆ ನಾನು ಹೇಳುವುದು ಇಷ್ಟು. ಕೆಟ್ಟ ಹೊಡೆತದ ಬೇಸರಕ್ಕೆ ಒಂದು ಗಡಿ ಹಾಕಿಕೊಳ್ಳಿ. ಕೋಲು ಚೀಲಕ್ಕೆ ಹೋಗುವವರೆಗೆ ಬೈದುಕೊಳ್ಳಿ, ಕೋಲು ಒಳಗೆ ಹೋದ ಮೇಲೆ ಅದು ಮುಗಿದ ಮಾತು. ಪ್ರತಿ ಹೊಡೆತಕ್ಕೂ ಮುಂಚೆ ಒಂದೇ ಕ್ರಮ ಇರಲಿ: ಚೆಂಡಿನ ಹಿಂದೆ ನಿಂತು ಗುರಿ ನೋಡಿ, ಒಂದು ಉಸಿರು ಬಿಟ್ಟು, ಒಂದು ಸಲ ಕೋಲು ಬೀಸಿ ನೋಡಿ, ಹೊಡೆಯಿರಿ. ನಮಗೆ ಇದು ಕಷ್ಟವಲ್ಲ, ಸ್ಕೂಟರ್ ಕಿಕ್ ಹೊಡೆಯುವ ಮುಂಚೆ ದೇವರ ಫೋಟೋ ಮುಟ್ಟಿಕೊಳ್ಳುವ ಜನ ನಾವು. ಮರಗಳ ನಡುವೆ ಸಿಕ್ಕಿಬಿದ್ದರೆ ಹೀರೋ ಆಗಲು ಹೋಗದೆ ಪಕ್ಕಕ್ಕೆ ಹೊಡೆದು ಹೊರಬನ್ನಿ. ಹೋದದ್ದು ಒಂದು ಹೊಡೆತ. ಹಠ ಮಾಡಿದರೆ ನಾಲ್ಕು. ಮತ್ತು ಆಟದ ನಡುವೆ ಒಟ್ಟು ಸ್ಕೋರ್ ಕೂಡಿಸಬೇಡಿ. ಒಂಬತ್ತನೇ ಗುಳಿಯಲ್ಲಿ ನಿಂತು ಹದಿನೆಂಟರ ಲೆಕ್ಕ ಹಾಕುವವರಿಗೆ ಹತ್ತನೇ ಗುಳಿಯೇ ಉತ್ತರ ಕೊಡುತ್ತದೆ.

ಬೇಸಿಗೆಯಲ್ಲಿ ಆಡುವವರು ಸೂರ್ಯ ಹುಟ್ಟುವ ಹೊತ್ತಿಗೇ ಶುರು ಮಾಡಿ, ಇಲ್ಲವೇ ದೀಪದ ಬೆಳಕಿನಲ್ಲಿ ರಾತ್ರಿ ಆಡಿ. ನೀರು, ಉಪ್ಪು ಹಾಕಿದ ಮಜ್ಜಿಗೆ ಜೊತೆಗಿರಲಿ. ತಲೆ ಸುತ್ತಿದರೆ ಆಟ ಅಲ್ಲೇ ನಿಲ್ಲಿಸಿ.

ಮಕ್ಕಳನ್ನೂ ಒಂದು ಸಲ ರೇಂಜಿಗೆ ಕರೆದುಕೊಂಡು ಹೋಗಿ, ಮನೆಯವರನ್ನೂ. ಅದಿತಿ ಮೊದಲು ಕೋಲು ಹಿಡಿದಾಗ ಐದು ವರ್ಷ. ಮನೆಯವರ ಜೊತೆ ತಿಂಡಿ ತಿನ್ನಲು ಹೋದಾಗ ಪಕ್ಕದ ಮೈದಾನದಿಂದ ಕೇಳಿದ ಗದ್ದಲ ಏನೆಂದು ಕೇಳಿದ್ದೇ ಶುರು. ಅವರ ಅಪ್ಪ, ಅಮ್ಮ ಆಗ ಗಾಲ್ಫ್ ಆಡುವವರಲ್ಲ.

ಊಟಕ್ಕೆ ಮುಂಚೆ ಪಟ್ಟರ್ ಹಿಡಿದು ನೋಡಬೇಕೆನ್ನುವವರು ಬನ್ನಿ, ವೇದಿಕೆಯ ಬಲಗಡೆ ಕಾರ್ಪೆಟ್ ಹಾಸಿದೆ, ಲೋಟವನ್ನೂ ತಂದಿದ್ದೇನೆ.